ಡೇಟಾ ಗವರ್ನೆನ್ಸ್ ಮ್ಯಾನೇಜರ್ ಹುದ್ದೆಗೆ ಯಾರನ್ನು ಆರಿಸಬೇಕು?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ದೊಡ್ಡ ಬ್ಯಾಂಕೇತರ ಹಣಕಾಸು ಕಂಪನಿ. ವಾಹನ ಸಾಲ, ಚಿನ್ನದ ಸಾಲ, ಸಣ್ಣ ವ್ಯಾಪಾರಿಗಳ ಸಾಲ ಕೊಡುತ್ತೇವೆ. ಹಲವು ರಾಜ್ಯಗಳಲ್ಲಿ ಶಾಖೆಗಳಿವೆ. ಡೇಟಾ ಗವರ್ನೆನ್ಸ್ ಮ್ಯಾನೇಜರ್ ಹುದ್ದೆಯನ್ನು ಹೊಸದಾಗಿ ಸೃಷ್ಟಿಸಲು ನಿರ್ದೇಶಕ ಮಂಡಳಿ ಒಪ್ಪಿದೆ. ಬಂದಿರುವ ಅರ್ಜಿಗಳಲ್ಲಿ ಕಂಪನಿಯ ಯಾವ ಮಾಹಿತಿ ಎಲ್ಲಿದೆ ಎಂದು ಪಟ್ಟಿಮಾಡುವ ಡೇಟಾ ಕ್ಯಾಟಲಾಗ್ ತಂತ್ರಾಂಶ ಅಳವಡಿಸಿದವರಿದ್ದಾರೆ, ಖಾಸಗಿತನದ ಕಾನೂನು ಬಲ್ಲವರಿದ್ದಾರೆ, ಬೇರೆ ಬೇರೆ ವ್ಯವಸ್ಥೆಗಳ ಮಾಹಿತಿಯನ್ನು ವರದಿಗಳಿಗಾಗಿ ಒಂದೆಡೆ ಕೂಡಿಡುವ ಡೇಟಾ ವೇರ್‌ಹೌಸ್ ಕಟ್ಟಿದ ಎಂಜಿನಿಯರ್‌ಗಳಿದ್ದಾರೆ. ಈ ಹುದ್ದೆ ತಮ್ಮ ಕೆಳಗೇ ಇರಬೇಕೆಂದು ಐಟಿ ಮುಖ್ಯಸ್ಥರು ಹೇಳುತ್ತಿದ್ದಾರೆ. ಕಾರ್ಯಾಚರಣೆ ವಿಭಾಗದ ನಮ್ಮ ಹಿರಿಯ ಅಧಿಕಾರಿಯೊಬ್ಬರೂ ಆಸಕ್ತಿ ತೋರಿದ್ದಾರೆ. ಯಾರನ್ನು, ಹೇಗೆ ಆರಿಸಬೇಕು? — ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥೆ, ಬೆಂಗಳೂರು

ಉತ್ತರ: ಅಭ್ಯರ್ಥಿಗಳ ಬಗ್ಗೆ ವಿವರವಾಗಿ ಬರೆದಿದ್ದೀರಿ, ಆದರೆ ಆ ಹುದ್ದೆಗೆ ಯಾವ ಅಧಿಕಾರ ಕೊಡಲಿದ್ದೀರಿ ಎಂಬುದು ನಿಮ್ಮ ಪತ್ರದಲ್ಲಿಲ್ಲ. ಮೊದಲು ತೀರ್ಮಾನವಾಗಬೇಕಾದದ್ದು ಅದೇ ಎಂದು ನನ್ನ ಅಭಿಪ್ರಾಯ. ಕಂಪನಿಯ ಯಾವ ಮಾಹಿತಿಗೆ ಯಾರು ಹೊಣೆ, ಅದರ ನಿಖರವಾದ ಅರ್ಥವೇನು, ಅದು ತಪ್ಪಾದಾಗ ಯಾರು ಎಷ್ಟು ದಿನದೊಳಗೆ ಸರಿಪಡಿಸಬೇಕು, ಅದನ್ನು ಯಾರು ನೋಡಬಹುದು, ಯಾರು ನೋಡಬಾರದು ಎಂಬುದನ್ನೆಲ್ಲ ಗೊತ್ತುಮಾಡಿ, ಗೊತ್ತುಮಾಡಿದಂತೆ ನಡೆಯುವ ಹಾಗೆ ನೋಡಿಕೊಳ್ಳುವುದು ಡೇಟಾ ಗವರ್ನೆನ್ಸ್. ಅದನ್ನು ಮುನ್ನಡೆಸುವವರು ಸ್ವತಃ ಯಾವ ಮಾಹಿತಿಗೂ ಒಡೆಯರಲ್ಲ. ಪರಸ್ಪರ ಒಪ್ಪದ ವಿಭಾಗಗಳನ್ನು ಒಂದು ನಿರ್ಣಯಕ್ಕೆ ತಂದು, ಅದಕ್ಕೆ ಸಂಬಂಧಪಟ್ಟವರಿಂದ ಸಹಿ ಹಾಕಿಸಿ, ಕೆಲವು ತಿಂಗಳು ಕಳೆದ ಮೇಲೂ ಅದು ಜಾರಿಯಲ್ಲಿದೆಯೇ ಎಂದು ಪರಿಶೀಲಿಸುವುದು ಅವರ ಕೆಲಸ. ಆದ್ದರಿಂದ ಮೂರು ಬಗೆಯ ಅರ್ಜಿದಾರರಲ್ಲಿ ಯಾವ ಬಗೆ ಮೇಲು ಎಂದು ತೂಗುವ ಬದಲು, ಇಂಥ ನಿರ್ಣಯಗಳನ್ನು ಈ ಹಿಂದೆ ಮಾಡಿಸಿದವರು ಅವರಲ್ಲಿ ಯಾರಿದ್ದಾರೆ ಎಂದು ಹುಡುಕಿ.

ಈ ಕೆಲಸ ನಿಮ್ಮಂಥ ಕಂಪನಿಯಲ್ಲಿ ಹೇಗಿರುತ್ತದೆ ಎಂಬುದನ್ನು ಒಬ್ಬ ಗ್ರಾಹಕರ ಖಾತೆಯನ್ನೇ ಹತ್ತಿರದಿಂದ ನೋಡಿ ತಿಳಿಯಬಹುದು. ಹೊಸಪೇಟೆಯ ಒಬ್ಬರು 2019ರಲ್ಲಿ ವಾಹನ ಸಾಲ ಪಡೆದಿದ್ದಾರೆ ಎಂದುಕೊಳ್ಳಿ. ಅರ್ಜಿಯಲ್ಲಿ ಹೆಸರಿನ ಮೊದಲು ಎರಡು ಇನಿಷಿಯಲ್, ಜಿಲ್ಲೆ ಬಳ್ಳಾರಿ; ಪ್ಯಾನ್ ಇಲ್ಲದ್ದರಿಂದ ಫಾರಂ 60 ಕೊಟ್ಟಿದ್ದಾರೆ. 2023ರಲ್ಲಿ ಅವರೇ ಇನ್ನೊಂದು ಶಾಖೆಯಲ್ಲಿ ಚಿನ್ನದ ಸಾಲ ಪಡೆಯುತ್ತಾರೆ. ಈಗ ಆಧಾರ್‌ನಲ್ಲಿರುವಂತೆ ಊರಿನ ಹೆಸರೂ ತಂದೆಯ ಹೆಸರೂ ಪೂರ್ತಿಯಾಗಿ, ಹೆಸರಿನ ನಂತರ ಬಂದಿವೆ, ಇಂಗ್ಲಿಷ್ ಕಾಗುಣಿತದಲ್ಲಿ ಕೊನೆಗೊಂದು ಅಕ್ಷರ ಹೆಚ್ಚಾಗಿದೆ, ಮೊಬೈಲ್ ಸಂಖ್ಯೆ ಬದಲಾಗಿದೆ, ಪ್ಯಾನ್ ಇದೆ, ಮತ್ತು 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆ ರಚನೆಯಾದ್ದರಿಂದ ಜಿಲ್ಲೆಯ ಹೆಸರೂ ಬೇರೆ. ಕಂಪ್ಯೂಟರಿಗೆ ಇವರು ಇಬ್ಬರು. ಪ್ರತಿ ಗ್ರಾಹಕರಿಗೂ ಒಂದೇ ವಿಶಿಷ್ಟ ಗುರುತು ಸಂಕೇತ ಇರಬೇಕೆಂದು ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನ ಹೇಳುತ್ತದೆಯಾದರೂ, ನಿಮ್ಮಲ್ಲಿ ಅವರಿಗೆ ಎರಡು ಸಂಕೇತಗಳಿವೆ.

ವಾಹನ ಸಾಲದ ಕಂತು 90 ದಿನ ಮೀರಿ ಬಾಕಿ ಉಳಿಯಿತು. ಅದು ಎನ್‌ಪಿಎ, ಅಂದರೆ ಅನುತ್ಪಾದಕ ಸಾಲ, ಆಯಿತು. ಈ ವರ್ಗೀಕರಣವನ್ನು ಸಾಲಗಾರರನ್ನು ನೋಡಿ ಮಾಡಬೇಕು, ಒಂದೊಂದು ಸಾಲವನ್ನು ಬಿಡಿಬಿಡಿಯಾಗಿ ನೋಡಿ ಅಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅಂದರೆ ಸರಿಯಾಗಿ ಕಂತು ಬರುತ್ತಿರುವ ಚಿನ್ನದ ಸಾಲವೂ ಅದರ ಜೊತೆಗೆ ಎನ್‌ಪಿಎ ಎಂದೇ ಲೆಕ್ಕಕ್ಕೆ ಬರಬೇಕು, ಆಗಬಹುದಾದ ನಷ್ಟಕ್ಕೆಂದು ಅದಕ್ಕೂ ಹಣ ತೆಗೆದಿರಿಸಬೇಕು. ಎರಡು ಸಂಕೇತಗಳಿರುವ ತನಕ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಲೆಕ್ಕಪರಿಶೋಧಕರು ಕಂಡುಹಿಡಿದ ದಿನ ಮಾತ್ರ ಅದು ದೊಡ್ಡ ವಿಷಯವಾಗುತ್ತದೆ.

ಎರಡು ದಾಖಲೆಗಳನ್ನು ಒಂದಾಗಿಸಿದರೆ ಮುಗಿಯಿತಲ್ಲ ಎಂದು ಹೊರಗಿನವರಿಗೆ ಅನಿಸಬಹುದು. ಒಳಗೆ ಕೂತವರಿಗೆ ಗೊತ್ತು, ಇಲ್ಲಿಂದಲೇ ಜಗ್ಗಾಟ ಶುರುವಾಗುತ್ತದೆ. ಚಿನ್ನದ ಸಾಲ ಕೊಟ್ಟ ಶಾಖೆಯ ವ್ಯವಸ್ಥಾಪಕರಿಗೆ, ತಾವು ಕೊಡದ ವಾಹನ ಸಾಲದಿಂದಾಗಿ ತಮ್ಮ ಶಾಖೆಯ ಲೆಕ್ಕ ಕೆಡುವುದು ಅನ್ಯಾಯವಾಗಿ ಕಾಣುತ್ತದೆ. ರಿಸ್ಕ್ ವಿಭಾಗ ತಕ್ಷಣ ಒಂದಾಗಿಸಿ ಎನ್ನುತ್ತದೆ. ನಿಯಮ ಬರೆದುಕೊಟ್ಟರೆ ರಾತ್ರಿಯೇ ಮಾಡಿಬಿಡುತ್ತೇವೆ ಎಂದು ಐಟಿಯವರು ಹೇಳುತ್ತಾರೆ. ಆದರೆ ಆ ನಿಯಮ ಬರೆಯುವವರು ಯಾರು ಎಂಬುದು ತೀರ್ಮಾನವಾಗಿರುವುದಿಲ್ಲ. ಕಾನೂನು ವಿಭಾಗ ಎತ್ತುವ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದದ್ದು: ಹೆಸರೂ ಹುಟ್ಟಿದ ದಿನವೂ ಹೊಂದಿದ ಮಾತ್ರಕ್ಕೆ ಇಬ್ಬರು ಬೇರೆ ಬೇರೆ ಜನರನ್ನು ಒಬ್ಬರೆಂದು ಸೇರಿಸಿಬಿಟ್ಟರೆ, ಒಬ್ಬರ ಸುಸ್ತಿ ಇನ್ನೊಬ್ಬರ ಕ್ರೆಡಿಟ್ ವರದಿಗೆ ಹೋಗುತ್ತದೆ, ಮತ್ತು ಏನೂ ತಪ್ಪು ಮಾಡದ ಆ ಮನುಷ್ಯನಿಗೆ ನಾಳೆ ಮನೆ ಸಾಲ ಸಿಗುವುದಿಲ್ಲ. ಎಷ್ಟು ಅಂಶಗಳು ಹೊಂದಿದರೆ ತಾನಾಗಿ ಸೇರಿಸಬಹುದು, ಎಷ್ಟು ಹೊಂದಿದರೆ ಶಾಖೆಯ ಸಿಬ್ಬಂದಿ ಗ್ರಾಹಕರನ್ನು ಕಂಡು ದೃಢಪಡಿಸಬೇಕು, ತಪ್ಪಾಗಿ ಸೇರಿಸಿದ್ದನ್ನು ಯಾರ ಅನುಮತಿಯ ಮೇಲೆ ಬಿಡಿಸಬೇಕು? ಈ ಮೂರು ಪ್ರಶ್ನೆಗಳಿಗೆ ನಾಲ್ಕು ವಿಭಾಗಗಳಿಂದ ಒಂದೇ ಉತ್ತರ ಪಡೆದು ಜಾರಿಗೆ ತರಬಲ್ಲವರು ನಿಮಗೆ ಬೇಕು.

ಈಗ ಐಟಿ ಮುಖ್ಯಸ್ಥರ ಬೇಡಿಕೆಗೆ ಬರುತ್ತೇನೆ. ಅದಕ್ಕೆ ಒಪ್ಪಬೇಡಿ ಎಂಬುದು ನನ್ನ ಸಲಹೆ. ಅವರ ಸಾಮರ್ಥ್ಯದ ಬಗ್ಗೆ ಇಲ್ಲಿ ಅನುಮಾನವಿಲ್ಲ. ಐಟಿಯ ಕೆಳಗೆ ಕೂತ ತಕ್ಷಣ ವ್ಯವಹಾರ ವಿಭಾಗಗಳು ಇದನ್ನು ಐಟಿ ಯೋಜನೆಯೆಂದು ಎಣಿಸಿ, ಸಭೆಗೆ ಕಿರಿಯರನ್ನು ಕಳಿಸಿ ಕೈತೊಳೆದುಕೊಳ್ಳುತ್ತವೆ. ಮೇಲಾಗಿ, ಐಟಿ ವ್ಯವಸ್ಥೆಯಲ್ಲೇ ಇರುವ ದೋಷವನ್ನು ತನ್ನ ಮೇಲಧಿಕಾರಿಯ ವಿರುದ್ಧ ಎತ್ತಿ ತೋರಿಸುವ ಇಕ್ಕಟ್ಟು ಆ ಮ್ಯಾನೇಜರಿಗೆ ಬರುತ್ತದೆ. ಮುಖ್ಯ ರಿಸ್ಕ್ ಅಧಿಕಾರಿಯ ಕೆಳಗಿಡುವುದು ಸಹಜವೆಂದು ತೋರಬಹುದು. ಬ್ಯಾಂಕುಗಳ ರಿಸ್ಕ್ ಡೇಟಾ ಕುರಿತು, ಬ್ಯಾಂಕ್ ನಿಯಂತ್ರಕರ ಅಂತರರಾಷ್ಟ್ರೀಯ ವೇದಿಕೆಯಾದ ಬಾಸೆಲ್ ಸಮಿತಿ 2013ರ ಜನವರಿಯಲ್ಲಿ ಪ್ರಕಟಿಸಿದ ತತ್ವಗಳ ನಂತರ ಜಗತ್ತಿನ ಅನೇಕ ದೊಡ್ಡ ಬ್ಯಾಂಕುಗಳಲ್ಲಿ ಈ ಕೆಲಸ ರಿಸ್ಕ್ ಮತ್ತು ಹಣಕಾಸು ವಿಭಾಗಗಳ ನೆರಳಿನಲ್ಲೇ ಬೆಳೆಯಿತು. ಆದರೆ 5,000 ಕೋಟಿ ರೂಪಾಯಿಗಿಂತ ಹೆಚ್ಚು ಆಸ್ತಿಯಿರುವ ಬ್ಯಾಂಕೇತರ ಹಣಕಾಸು ಕಂಪನಿಗಳು ಸ್ವತಂತ್ರ ಮುಖ್ಯ ರಿಸ್ಕ್ ಅಧಿಕಾರಿಯನ್ನು ನೇಮಿಸಬೇಕು, ಅವರಿಗೆ ಬೇರೆ ಹೊಣೆ ವಹಿಸಬಾರದು ಎಂದು ರಿಸರ್ವ್ ಬ್ಯಾಂಕ್ 2019ರ ಮೇ ತಿಂಗಳಲ್ಲಿ ಹೇಳಿದೆ. ಶಾಖೆಗಳ ದಿನನಿತ್ಯದ ಡೇಟಾ ತಿದ್ದುಪಡಿಯ ಉಸ್ತುವಾರಿಯನ್ನು ಅವರ ಮಡಿಲಿಗೆ ಹಾಕುವುದು ಆ ಸೂಚನೆಯ ಆಶಯಕ್ಕೆ ಹೊಂದುವುದಿಲ್ಲ. ತಪ್ಪು ಹುಟ್ಟುವುದು ಶಾಖೆಯ ಕೌಂಟರಿನಲ್ಲಿ, ಅರ್ಜಿ ತುಂಬುವ ಆ್ಯಪಿನಲ್ಲಿ. ಅವೆರಡೂ ಮುಖ್ಯ ಕಾರ್ಯಾಚರಣೆ ಅಧಿಕಾರಿಯ ಕೈಯಲ್ಲಿವೆ. ಹಾಗಾಗಿ ಈ ಹುದ್ದೆ ಅವರ ಕೆಳಗಿರಲಿ, ಮೂರು ತಿಂಗಳಿಗೊಮ್ಮೆ ನಿರ್ದೇಶಕ ಮಂಡಳಿಯ ರಿಸ್ಕ್ ಸಮಿತಿಗೆ ನೇರವಾಗಿ ವರದಿ ಮಂಡಿಸುವ ಹಕ್ಕು ಅದಕ್ಕಿರಲಿ, ಮತ್ತು ಆ ವರದಿಯನ್ನು ಮಂಡನೆಗೆ ಮುಂಚೆ ಯಾರೂ ತಿದ್ದುವಂತಿಲ್ಲ ಎಂದು ನೇಮಕಾತಿಯ ಷರತ್ತಿನಲ್ಲೇ ಬರೆಯಿರಿ.

ಕಾನೂನು ಬಲ್ಲ ಅಭ್ಯರ್ಥಿಗಳ ಕಡೆ ನಿಮ್ಮ ಒಲವು ಹೋದರೆ ಅದಕ್ಕೆ ಕಾರಣ ಊಹಿಸಬಲ್ಲೆ. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು, 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾದವು, ಕಂಪನಿಗಳ ಮೇಲಿನ ಪ್ರಮುಖ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ, ಭದ್ರತಾ ಕ್ರಮ ಕೈಗೊಳ್ಳದೆ ಮಾಹಿತಿ ಸೋರಿಕೆಯಾದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಈ ಕಾನೂನಿನ ಬೇರು 2017ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿದ ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು. ಆದರೂ, ಡೇಟಾ ಸಂರಕ್ಷಣಾ ಅಧಿಕಾರಿಯ ಹುದ್ದೆಯೇ ಬೇರೆ, ನೀವು ತುಂಬಲು ಹೊರಟಿರುವ ಹುದ್ದೆಯೇ ಬೇರೆ. ಸರ್ಕಾರ ಯಾವುದಾದರೂ ಕಂಪನಿಯನ್ನು ಅದು ನಿರ್ವಹಿಸುವ ಮಾಹಿತಿಯ ಪ್ರಮಾಣ, ಸೂಕ್ಷ್ಮತೆಗಳನ್ನು ನೋಡಿ ಈ ಕಾಯ್ದೆಯಡಿ ಮಹತ್ವದ ಡೇಟಾ ನಿರ್ವಾಹಕ ಎಂದು ಗುರುತಿಸಿದರೆ, ಅದು ಭಾರತದಲ್ಲೇ ನೆಲೆಸಿರುವ, ನಿರ್ದೇಶಕ ಮಂಡಳಿಗೆ ಉತ್ತರದಾಯಿಯಾದ ಡೇಟಾ ಸಂರಕ್ಷಣಾ ಅಧಿಕಾರಿಯನ್ನು ನೇಮಿಸಬೇಕು. ಗ್ರಾಹಕರ ಪರವಾಗಿ ಕಂಪನಿಯನ್ನು ಪ್ರಶ್ನಿಸಬೇಕಾದ ಆ ಅಧಿಕಾರಿಯೂ, ಡೇಟಾ ಬಳಕೆಯ ಏರ್ಪಾಡುಗಳನ್ನು ಮಾಡುವ ಈ ಮ್ಯಾನೇಜರೂ ಒಬ್ಬರೇ ಆಗಿರಬಾರದೆಂದು ನಾನು ಬಲವಾಗಿ ನಂಬುತ್ತೇನೆ.

ಕಾಯ್ದೆಯ ಒಂದು ಅಂಶಕ್ಕೆ ಸಾಲ ಕೊಡುವ ಕಂಪನಿಗಳು ಇನ್ನೂ ಸಾಕಷ್ಟು ಗಮನ ಕೊಟ್ಟಿಲ್ಲ. ವ್ಯಕ್ತಿಯೊಬ್ಬರ ಮೇಲೆ ಪರಿಣಾಮ ಬೀರುವ ತೀರ್ಮಾನಕ್ಕೆ ಅವರ ಮಾಹಿತಿಯನ್ನು ಬಳಸುವುದಾದರೆ, ಅಥವಾ ಅದನ್ನು ಇನ್ನೊಂದು ಸಂಸ್ಥೆಗೆ ಕೊಡುವುದಾದರೆ, ಆ ಮಾಹಿತಿ ಪೂರ್ಣವೂ ನಿಖರವೂ ಸುಸಂಗತವೂ ಆಗಿರುವಂತೆ ನೋಡಿಕೊಳ್ಳಬೇಕೆಂದು 8ನೇ ಸೆಕ್ಷನ್ ವಿಧಿಸುತ್ತದೆ. ಸಾಲ ಮಂಜೂರು ಮಾಡುವುದು ಅಂಥ ತೀರ್ಮಾನ. ಸಾಲಗಾರರ ಮರುಪಾವತಿಯ ದಾಖಲೆ ಇಡುವ ಕ್ರೆಡಿಟ್ ಬ್ಯೂರೋಗಳಿಗೆ ವರದಿ ಕಳಿಸುವುದು ಅಂಥ ಹಂಚಿಕೆ. ಬ್ಯೂರೋ ವರದಿಯ ವಿಷಯದಲ್ಲಂತೂ ರಿಸರ್ವ್ ಬ್ಯಾಂಕ್ ಆಗಲೇ ಬಿಗಿ ಮಾಡಿದೆ. 2025ರ ಜನವರಿ 1ರಿಂದ ವರದಿ ಹದಿನೈದು ದಿನಕ್ಕೊಮ್ಮೆಯಾದರೂ ಹೋಗಬೇಕೆಂದು ಅದು ವಿಧಿಸಿತು. ತಪ್ಪಿದೆಯೆಂದು ಗ್ರಾಹಕರು ದೂರಿದರೆ 30 ದಿನದೊಳಗೆ ಬಗೆಹರಿಯಬೇಕು, ಇಲ್ಲವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಸಾಲ ಕೊಟ್ಟ ಸಂಸ್ಥೆ ತಿದ್ದಿದ ಮಾಹಿತಿಯನ್ನು 21 ದಿನದೊಳಗೆ ಬ್ಯೂರೋಗೆ ಕಳಿಸದಿದ್ದರೆ ಆ ಪರಿಹಾರದ ಹೊರೆ ಅದರ ಮೇಲೆಯೇ. ಸಂದರ್ಶನದಲ್ಲಿ ಕಾನೂನು ಹಿನ್ನೆಲೆಯ ಅಭ್ಯರ್ಥಿಗೆ ಇದನ್ನೇ ಕೇಳಿ: ಆ 21 ದಿನಗಳಲ್ಲಿ ಮೊದಲ ದಿನ ದೂರು ಯಾರ ಮೇಜಿಗೆ ಬರುತ್ತದೆ, ಯಾವ ದಾಖಲೆಯನ್ನು ಮೂಲವೆಂದು ಹಿಡಿಯಬೇಕು, ಸಾಲದ ಮೂಲ ವ್ಯವಸ್ಥೆಯಲ್ಲಿ ತಿದ್ದುವವರು ಯಾರು? ಸೆಕ್ಷನ್ ಸಂಖ್ಯೆಗಳನ್ನು ಮಾತ್ರ ಹೇಳಿ ನಿಲ್ಲಿಸುವವರು ಒಳ್ಳೆಯ ಸಲಹೆಗಾರರಾಗಬಹುದು. ಇಪ್ಪತ್ತೊಂದು ದಿನಗಳ ಕೆಲಸವನ್ನು ಮೇಜಿನಿಂದ ಮೇಜಿಗೆ ಹಂಚಿ ತೋರಿಸುವವರನ್ನು ಗುರುತು ಹಾಕಿಕೊಳ್ಳಿ.

ಕ್ಯಾಟಲಾಗ್ ತಂತ್ರಾಂಶ ಅಳವಡಿಸಿದವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಲಿಬ್ರಾ, ಇನ್ಫರ್ಮ್ಯಾಟಿಕಾ, ಮೈಕ್ರೋಸಾಫ್ಟ್ ಪರ್ವ್ಯೂ ಇವೆಲ್ಲ ಉಪಯುಕ್ತ ಸಾಧನಗಳೇ; ಆದರೆ ಮಾಲೀಕರು ಯಾರೆಂಬ ಅಂಕಣ ಖಾಲಿಯಿರುವ ಕ್ಯಾಟಲಾಗ್ ಎಷ್ಟೇ ದುಬಾರಿಯದಾದರೂ ಪ್ರಯೋಜನಕ್ಕೆ ಬಾರದು. ಅವರನ್ನು ಇಷ್ಟು ಕೇಳಿದರೆ ಸಾಕು: ನೀವು ಅಳವಡಿಸಿದ ಕ್ಯಾಟಲಾಗಿನಲ್ಲಿ ವ್ಯಾಖ್ಯಾನಗಳನ್ನು ಬರೆದವರು ನಿಮ್ಮ ತಂಡವೋ ವ್ಯವಹಾರ ವಿಭಾಗದವರೋ, ನೀವು ಆ ಯೋಜನೆ ಬಿಟ್ಟ ಮೇಲೆ ಅವುಗಳನ್ನು ಯಾರು ತಿದ್ದುತ್ತಿದ್ದಾರೆ?

ಡೇಟಾ ವೇರ್‌ಹೌಸ್ ಎಂಜಿನಿಯರ್‌ಗಳ ಬಲ ದೊಡ್ಡದು: ವರದಿಯಲ್ಲಿರುವ ಒಂದು ಅಂಕಿ ಎಲ್ಲಿಂದ ಹುಟ್ಟಿ ಎಲ್ಲೆಲ್ಲಿ ಬದಲಾಗುತ್ತಾ ಬಂತು ಎಂಬುದನ್ನು ಅವರು ಹಿಂದಕ್ಕೆ ಹಿಡಿದುಕೊಂಡು ಹೋಗಬಲ್ಲರು. ಅವರಲ್ಲಿ ನಾನು ಕಂಡಿರುವ ದೌರ್ಬಲ್ಯವೆಂದರೆ, ತಪ್ಪನ್ನು ಅದು ಹುಟ್ಟಿದ ಕಡೆ ತಿದ್ದಿಸುವ ಬದಲು ತಮ್ಮ ಕೈಗೆ ಬಂದ ಮೇಲೆ ತಾವೇ ತಿದ್ದಿಕೊಳ್ಳುವುದು. ಜಿಲ್ಲೆಗಳ ಪಟ್ಟಿಯನ್ನೇ ತೆಗೆದುಕೊಳ್ಳಿ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು, 2021ರಲ್ಲಿ ವಿಜಯನಗರ ಜಿಲ್ಲೆ ಬಂತು, 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣವಾಯಿತು. ವೇರ್‌ಹೌಸಿನಲ್ಲಿ ಹಳೆಯ ಹೆಸರಿನ ಎದುರು ಹೊಸ ಹೆಸರು ಬರೆದ ಕೋಷ್ಟಕವೊಂದನ್ನು ಇಟ್ಟು ವರದಿಗಳನ್ನು ಸರಿಮಾಡುವುದು ಸುಲಭ. ಆದರೆ ಶಾಖೆಯಲ್ಲಿ ಅರ್ಜಿ ತುಂಬುವ ಆ್ಯಪಿನ ಪಟ್ಟಿ ಹಳೆಯದೇ ಆಗಿ ಉಳಿದರೆ ತಪ್ಪು ದಿನವೂ ಹೊಸದಾಗಿ ಹುಟ್ಟುತ್ತದೆ. ಬಳ್ಳಾರಿಯ ಹಳೆಯ ದಾಖಲೆಗಳಲ್ಲಿ ಯಾವುವು ಈಗ ವಿಜಯನಗರಕ್ಕೆ ಸೇರಬೇಕೆಂಬುದು ಹೆಸರು ಬದಲಿಸಿದರೆ ಬಗೆಹರಿಯುವ ವಿಷಯವೂ ಅಲ್ಲ, ತಾಲ್ಲೂಕು ನೋಡಿಯೇ ವಿಂಗಡಿಸಬೇಕು. ಮೂಲದಲ್ಲೇ ತಿದ್ದಿಸಲು ಕಾರ್ಯಾಚರಣೆಯವರನ್ನು ಒಪ್ಪಿಸಿದ ಅನುಭವ ಇರುವ ಎಂಜಿನಿಯರ್ ಸಿಕ್ಕರೆ ಅವರನ್ನು ಬಿಡಬೇಡಿ.

ನಿಮ್ಮ ಜಾಹೀರಾತಿನ ಕರಡಿನಲ್ಲಿ ಪ್ರಮಾಣಪತ್ರಗಳ ಪಟ್ಟಿ ಉದ್ದವಾಗಿದ್ದರೆ ಮೊಟಕುಗೊಳಿಸಿ. ಡೇಟಾ ನಿರ್ವಹಣೆಯ ವೃತ್ತಿಪರರ ಸಂಘವಾದ ಡಾಮಾ ನಡೆಸುವ ಸಿಡಿಎಂಪಿ ಪರೀಕ್ಷೆ ಮುಗಿಸಿದವರಿಗೆ ಈ ಕ್ಷೇತ್ರದ ಪರಿಭಾಷೆ ಚೆನ್ನಾಗಿ ತಿಳಿದಿರುತ್ತದೆ; ಅದು ಇದ್ದರೆ ಒಳ್ಳೆಯದು, ಇಲ್ಲವೆಂದು ಯಾರನ್ನೂ ಕೈಬಿಡಬೇಡಿ. ಹುದ್ದೆಯ ದರ್ಜೆಯ ಬಗ್ಗೆ ಮಾತ್ರ ಜಿಪುಣತನ ಬೇಡ. ವಲಯ ಮುಖ್ಯಸ್ಥರಿಗೆ ಫೋನ್ ಮಾಡಿದರೆ ಅವರು ತಾವೇ ಎತ್ತಿಕೊಂಡು ಮಾತನಾಡುವಷ್ಟು ಹಿರಿತನ ಆ ದರ್ಜೆಗಿರಬೇಕು.

ಆಯ್ಕೆಯ ವಿಧಾನಕ್ಕೆ ಬಂದರೆ, ಪ್ರಶ್ನೋತ್ತರದ ಸಂದರ್ಶನವೊಂದನ್ನೇ ನಂಬಬೇಡಿ. ಈ ಕ್ಷೇತ್ರದ ಮಾತನ್ನು ಓದಿ ಕಲಿಯುವುದು ಸುಲಭ. ಒಂದು ಹಾಳೆ ಸಿದ್ಧಮಾಡಿಸಿ. ಮೇಲೆ ಹೇಳಿದಂಥ ಗೊಂದಲಗಳಿರುವ ನೂರಿನ್ನೂರು ಕೃತಕ ದಾಖಲೆಗಳು ಅದರಲ್ಲಿರಲಿ. ನಿಜವಾದ ಗ್ರಾಹಕರ ಮಾಹಿತಿಯನ್ನು ಹೆಸರು ಅಳಿಸಿ ಕೊಡುವುದೂ ಬೇಡ, ಡೇಟಾ ಗವರ್ನೆನ್ಸ್ ಹುದ್ದೆಯ ಆಯ್ಕೆಯೇ ನಿಯಮ ಮೀರಿ ಆರಂಭವಾಗಬಾರದು. ಜೊತೆಗೆ, ಸಕ್ರಿಯ ಗ್ರಾಹಕರ ಸಂಖ್ಯೆಯನ್ನು ಮೂರು ಬಗೆಯಾಗಿ ತೋರಿಸುವ ಮೂರು ವಿಭಾಗಗಳ ವರದಿಗಳಿರಲಿ: ಮಾರಾಟದವರು ಸಾಲ ಮುಗಿಸಿದವರನ್ನೂ ಎಣಿಸಿದ್ದಾರೆ, ವಸೂಲಾತಿಯವರು ಬಾಕಿ ಇರುವವರನ್ನು ಮಾತ್ರ, ಹಣಕಾಸಿನವರು ಸಾಲದ ಖಾತೆಗಳನ್ನೇ ಗ್ರಾಹಕರೆಂದು ಎಣಿಸಿದ್ದಾರೆ. ಅಭ್ಯರ್ಥಿಗೆ ಎರಡು ಗಂಟೆ ಕೊಟ್ಟು ನೀವು ಮೊದಲು ಏನು ಮಾಡುತ್ತೀರಿ ಎಂದು ಬರೆಯಲು ಹೇಳಿ. ತಕ್ಷಣ ತಿದ್ದಲು ತೊಡಗುವವರಿಗಿಂತ, ಈ ಅಂಕಿಯನ್ನು ಯಾವ ತೀರ್ಮಾನಕ್ಕೆ ಬಳಸುತ್ತೀರಿ, ಇದು ತಪ್ಪಾದರೆ ನಷ್ಟ ಯಾರಿಗೆ ಎಂದು ಕೇಳುವವರು ಕೆಲಸ ಅರಿತವರು. ಮೂರು ಸಂಖ್ಯೆಗಳಲ್ಲಿ ಒಂದನ್ನು ಸರಿಯೆಂದು ಘೋಷಿಸುವುದೂ ಇಲ್ಲಿ ಸರಿಯಾದ ಉತ್ತರವಲ್ಲ. ಮೂರಕ್ಕೂ ಬೇರೆ ಬೇರೆ ಹೆಸರು ಕೊಟ್ಟು, ನಿರ್ದೇಶಕ ಮಂಡಳಿಗೆ ಹೋಗುವ ವರದಿಯಲ್ಲಿ ಯಾವುದನ್ನು ಬಳಸಬೇಕೆಂದು ಒಬ್ಬ ಅಧಿಕಾರಿಯ ಹೆಸರಿನಲ್ಲಿ ಗೊತ್ತುಮಾಡಬೇಕು.

ಮರುದಿನ ಅದೇ ಹಾಳೆ ಹಿಡಿದು ಒಂದು ಅಣಕು ಸಭೆ ನಡೆಸಿ. ಶಾಖಾ ವ್ಯವಹಾರ, ವಸೂಲಾತಿ, ಐಟಿ ಮುಖ್ಯಸ್ಥರು ನಿಜವಾಗಿ ಬಂದು ಕೂತು, ತಮ್ಮ ತಮ್ಮ ವಿಭಾಗದ ಪರ ಮಾತನಾಡಲಿ. ಅಭ್ಯರ್ಥಿ ಸಭೆ ನಡೆಸಲಿ. ಹಿರಿಯರೊಬ್ಬರು ದನಿ ಏರಿಸಿದಾಗ ಅಭ್ಯರ್ಥಿ ಮೌನವಾಗುತ್ತಾರೋ, ಜಗಳಕ್ಕೆ ಇಳಿಯುತ್ತಾರೋ, ಅಥವಾ ಅವರ ಆಕ್ಷೇಪವನ್ನು ಬರೆದುಕೊಂಡು ಅದಕ್ಕೊಂದು ದಿನಾಂಕ ಕೇಳುತ್ತಾರೋ ಎಂಬುದರಲ್ಲಿ ನಿಮಗೆ ಬೇಕಾದ ಉತ್ತರವಿದೆ. ಹಿಂದಿನ ಕಂಪನಿಯಿಂದ ಅಭಿಪ್ರಾಯ ಪಡೆಯುವಾಗಲೂ ಮೇಲಧಿಕಾರಿಯೊಬ್ಬರನ್ನೇ ಕೇಳಬೇಡಿ. ಅಭ್ಯರ್ಥಿಯ ನಿರ್ಣಯಗಳಿಂದ ಹೆಚ್ಚಿನ ಕೆಲಸ ಮೈಮೇಲೆ ಬಂದ ವ್ಯವಹಾರ ವಿಭಾಗದವರೊಬ್ಬರನ್ನು ಕೇಳಿ. ಅವರೂ ಗೌರವದಿಂದ ಮಾತನಾಡಿದರೆ ಆ ಅಭ್ಯರ್ಥಿಗೆ ದೊಡ್ಡ ಅರ್ಹತೆಯಿದೆ.

ಆಯ್ಕೆಯಾದವರು ಬರುವ ಮುಂಚೆ, ಅನೇಕ ಕಂಪನಿಗಳಲ್ಲಿ ನೋಟಿಸ್ ಅವಧಿ 90 ದಿನ ಇರುವುದರಿಂದ, ನಿಮಗೂ ಅಷ್ಟು ಸಮಯ ಸಿಗುತ್ತದೆ. ಅಷ್ಟರಲ್ಲಿ ಗ್ರಾಹಕ, ಸಾಲ, ಅಡಮಾನ ಈ ಮೂರು ಬಗೆಯ ಡೇಟಾಗಾದರೂ ವಿಭಾಗ ಮುಖ್ಯಸ್ಥರ ಮಟ್ಟದಲ್ಲಿ ಒಬ್ಬೊಬ್ಬ ಹೊಣೆಗಾರರನ್ನು ವ್ಯವಸ್ಥಾಪಕ ನಿರ್ದೇಶಕರ ಸಹಿಯಿಂದ ನೇಮಿಸಿಬಿಡಿ. ಹೊಸಬರು ಬಂದು ಈ ಹೆಸರುಗಳಿಗಾಗಿ ಬಾಗಿಲು ಬಾಗಿಲು ತಟ್ಟುವಂತಾಗಬಾರದು. ಮೊದಲ ವರ್ಷ ಅವರಿಗೆ ಗ್ರಾಹಕರ ಮೂಲ ದಾಖಲೆಯೊಂದನ್ನೇ ಕೊಡಿ. ಎಷ್ಟು ನೀತಿ ದಾಖಲೆ ಬರೆದರು, ಎಷ್ಟು ತರಬೇತಿ ನಡೆಸಿದರು ಎಂದು ಅವರನ್ನು ಅಳೆಯಬೇಡಿ. ಒಬ್ಬರಿಗೆ ಎರಡು ಸಂಕೇತವಿರುವ ಪ್ರಕರಣಗಳು ಎಷ್ಟು ಇಳಿದವು, ತಪ್ಪಾಗಿ ಸೇರಿಸಿದವು ಎಷ್ಟು, ಬ್ಯೂರೋ ದೂರುಗಳಲ್ಲಿ ಎಷ್ಟು 21 ದಿನದೊಳಗೆ ಸರಿಹೋದವು ಎಂಬುದು ಸಾಕು. ಎರಡನೆಯ ಅಂಕಿಯನ್ನು ಮರೆತು ಮೊದಲನೆಯದನ್ನು ಮಾತ್ರ ಕೇಳಿದರೆ ಬೇಕಾಬಿಟ್ಟಿ ವಿಲೀನ ನಡೆದು, ಅದರ ಪೆಟ್ಟು ಅಮಾಯಕ ಸಾಲಗಾರರಿಗೆ ಬೀಳುತ್ತದೆ.

ಇನ್ನು ನಿಮ್ಮ ಕಾರ್ಯಾಚರಣೆ ವಿಭಾಗದ ಹಿರಿಯ ಅಧಿಕಾರಿಯ ವಿಷಯ. ಅವರನ್ನು ಖಂಡಿತ ಪರಿಗಣಿಸಿ, ಆದರೆ ಹೊರಗಿನವರಿಗೆ ಇಟ್ಟ ಅದೇ ಹಾಳೆ, ಅದೇ ಸಭೆ ಅವರಿಗೂ ಇರಲಿ. ಇಲ್ಲವಾದರೆ ಆಯ್ಕೆಯಾದ ಮೇಲೆ ಅವರ ಮಾತಿಗೆ ತೂಕ ಬರುವುದಿಲ್ಲ. ಅರ್ಜಿಯ ಯಾವ ಅಂಕಣವನ್ನು ಶಾಖೆಯವರು ಸಂಜೆಯ ಅವಸರದಲ್ಲಿ ಸುಮ್ಮನೆ ತುಂಬುತ್ತಾರೆ, ಯಾವ ವಲಯದಲ್ಲಿ ಯಾರು ಹೇಳಿದರೆ ಕೆಲಸವಾಗುತ್ತದೆ ಎಂಬುದನ್ನು ಹೊರಗಿನಿಂದ ಬಂದವರು ಕಲಿಯಲು ವರ್ಷ ಬೇಕು, ನಿಮ್ಮ ಅಧಿಕಾರಿಗೆ ಅದು ಈಗಲೇ ಗೊತ್ತಿದೆ. ಅವರಿಗೆ ಕೊರತೆಯಾಗುವುದು ತಾಂತ್ರಿಕ ಭಾಗ, ಅದನ್ನು ತುಂಬಿಕೊಡುವುದು ಸಾಧ್ಯ. ಪರೀಕ್ಷೆಯಲ್ಲಿ ಅವರು ಉಳಿದವರಿಗೆ ಸಮನಾಗಿ ನಿಂತರೆ ಹುದ್ದೆಯನ್ನು ಅವರಿಗೇ ಕೊಡಿ, ನಿಮ್ಮ ಪಟ್ಟಿಯಲ್ಲಿರುವ ವೇರ್‌ಹೌಸ್ ಎಂಜಿನಿಯರ್‌ಗಳಲ್ಲಿ ಉತ್ತಮರಾದವರೊಬ್ಬರನ್ನು ಅವರ ಸಹಾಯಕರಾಗಿ ನೇಮಿಸಿ, ಮತ್ತು ಅವರ ಹಳೆಯ ವಿಭಾಗದ ಯಾವ ಕೆಲಸವೂ ಮುಂದುವರಿಯುವುದಿಲ್ಲ ಎಂದು ವರ್ಗಾವಣೆಯ ಆದೇಶದಲ್ಲಿ ಸ್ಪಷ್ಟವಾಗಿ ಕಾಣಿಸಿ.